ಪರದೆಯ ಮೇಲೆ ಆಗಬಾರದ್ದು ಆದಾಗ

ಆಗಲಾರದ್ದನ್ನು ಕಣ್ಣೆದುರಿಗೇ ಆಗಿಸಿ ನಗಿಸುವ ಕಲೆಗೆ ಅಸಂಗತ ಹಾಸ್ಯ ಎನ್ನುತ್ತಾರೆ. ಬೆಟ್ಟದ ಅಂಚು ದಾಟಿದ ತೋಳ ಗಾಳಿಯಲ್ಲೇ ನಾಲ್ಕು ಹೆಜ್ಜೆ ಓಡುತ್ತದೆ. ಕೆಳಗೆ ನೋಡಿದ ಮೇಲಷ್ಟೇ ಬೀಳುತ್ತದೆ. ಹಕ್ಕಿಯೊಂದು ಬರಿಗಾಳಿಯಲ್ಲಿ ಪೆನ್ಸಿಲಿನಿಂದ ಬಾಗಿಲು ಬರೆಯುತ್ತದೆ. ಅದನ್ನು ತೆರೆಯುವ ಬದಲು ಬಟ್ಟೆಯಂತೆ ಅಂಚು ಹಿಡಿದು ಮೇಲೆತ್ತಿ, ಅಡಿಯಲ್ಲಿ ನುಸುಳಿ ಮಾಯವಾಗುತ್ತದೆ. ಹೀಗೆ ನಗಿಸುವ ಅನಿಮೇಷನ್ ಕಿರುಚಿತ್ರಗಳು 1908ರಿಂದ 1950ರ ದಶಕದವರೆಗೆ ಪ್ಯಾರಿಸ್, ನ್ಯೂಯಾರ್ಕ್, ಹಾಲಿವುಡ್‌ಗಳಲ್ಲಿ ಬೆಳೆದವು. ಮುಂದೆ ಟೆಲಿವಿಷನ್ ಮೂಲಕ ಕನ್ನಡದ ಮನೆಗಳಿಗೂ ಬಂದವು.

ದೀಪ ಬೆಳಗಿದ ಪರದೆಯ ಮೇಲೆ ಚಪ್ಪಟೆ ಆಕೃತಿಗಳನ್ನು ಕುಣಿಸುವ ವಿದ್ಯೆ ಮಾತ್ರ ಹಳೆ ಮೈಸೂರು ಸೀಮೆಗೆ ಹೊಸದಲ್ಲ. ತೊಗಲುಗೊಂಬೆಯಾಟ ಇಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಅದರ ಜೊತೆಗೆ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ ತಾಲ್ಲೂಕುಗಳ ಶಿಲ್ಪ, ಐತಿಹ್ಯ, ಯಂತ್ರ ಮತ್ತು ಬಯಲಾಟಗಳನ್ನು ಇಟ್ಟು ನೋಡಿದರೆ ಕಾರ್ಟೂನಿನ ನಗೆಗೂ ಈ ನೆಲದ ನಗೆಗೂ ವ್ಯಾಕರಣ ಒಂದೇ ಎಂಬುದು ತಿಳಿಯುತ್ತದೆ. ಎರಡೂ ಕಡೆ ಲೋಕದ ನಿಯಮ ಮುರಿಯುತ್ತದೆ. ಮುರಿದ ಜಾಗದಲ್ಲಿ ಇನ್ನೊಂದು ನಿಯಮ ಎದ್ದು ನಿಲ್ಲುತ್ತದೆ. ಆ ಹೊಸ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದಾಗಲೇ ನಗು ಹುಟ್ಟುತ್ತದೆ.

ಗೆರೆ ನಡೆದಾಡಿದ ಕಾಲ

ಅತಿವಾಸ್ತವವಾದ ಎಂಬ ಕಲಾಪಂಥಕ್ಕೆ ಫ್ರಾನ್ಸಿನ ಆಂದ್ರೆ ಬ್ರೆತಾನ್ 1924ರಲ್ಲಿ ಪ್ರಣಾಳಿಕೆ ಬರೆದ. ಕನಸಿನ ತರ್ಕವನ್ನೇ ಎಚ್ಚರದ ಕಲೆಗೆ ತರಬೇಕೆಂಬುದು ಆ ಪಂಥದ ಆಶಯ. ಅನಿಮೇಷನ್ ಈ ಕೆಲಸವನ್ನು ಅದಕ್ಕಿಂತ ಹದಿನಾರು ವರ್ಷ ಮೊದಲೇ ಆರಂಭಿಸಿತ್ತು. 1908ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಎಮಿಲ್ ಕೋಲ್ ‘ಫ್ಯಾಂಟಾಸ್ಮಗೋರಿ’ ಎಂಬ ಚಿತ್ರವನ್ನು ತೆರೆಗೆ ತಂದ. ಸುಮಾರು 700 ರೇಖಾಚಿತ್ರಗಳಿಂದಾದ ಅದು ಎರಡು ನಿಮಿಷವೂ ಓಡುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆಯ ಒಬ್ಬ ವಿದೂಷಕ. ಅವನ ಸುತ್ತ ಒಂದು ವಸ್ತು ಇನ್ನೊಂದಾಗಿ, ಇನ್ನೊಂದು ಮತ್ತೊಂದಾಗಿ ಕರಗುತ್ತ ಹೋಗುತ್ತದೆ.

ನ್ಯೂಯಾರ್ಕಿನ ಫ್ಲೈಷರ್ ಸಹೋದರರು 1930ರ ದಶಕದ ಆರಂಭದಲ್ಲಿ ಈ ಹಾದಿಯನ್ನು ದುಃಸ್ವಪ್ನದ ಅಂಚಿಗೆ ಒಯ್ದರು. ವಾರ್ನರ್ ಬ್ರದರ್ಸ್‌ನಲ್ಲಿ ಬಾಬ್ ಕ್ಲಾಂಪೆಟ್ ಮತ್ತು ಚಕ್ ಜೋನ್ಸ್, ಮೊದಲು ಅಲ್ಲಿದ್ದು ಬಳಿಕ ಎಂಜಿಎಂ ಸೇರಿದ ಟೆಕ್ಸ್ ಏವರಿ, ಈ ಮೂವರು ಅದಕ್ಕೆ ವೇಗ ಮತ್ತು ಲೆಕ್ಕಾಚಾರ ಕೊಟ್ಟರು. ಇವರ ಚಿತ್ರಗಳು ಸಾಮಾನ್ಯವಾಗಿ ಏಳು ನಿಮಿಷದವು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಏಳು ನಿಮಿಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಚೌಕಟ್ಟು ಬೇಕು. ಒಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿದರೂ ಐದು ಸಾವಿರ ಚಿತ್ರ. ತೆರೆಯ ಮೇಲೆ ಹುಚ್ಚುಹುಚ್ಚಾಗಿ ಕಾಣುವ ಒಂದೊಂದು ನೆಗೆತದ ಹಿಂದೆ ಇಷ್ಟು ತಾಳ್ಮೆಯ ಕೈಕೆಲಸ ಇತ್ತು. ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ ಸ್ವತಃ ವಾಲ್ಟ್ ಡಿಸ್ನಿಯ ಸ್ಟುಡಿಯೋದಲ್ಲಿ 1945–46ರಲ್ಲಿ ‘ಡೆಸ್ಟಿನೋ’ ಎಂಬ ಕಿರುಚಿತ್ರಕ್ಕೆ ದುಡಿದ. ಅರ್ಧಕ್ಕೆ ನಿಂತಿದ್ದ ಅದು ಪೂರ್ಣಗೊಂಡದ್ದು 2003ರಲ್ಲಿ.

ದೀಪ, ಬಟ್ಟೆ, ತೊಗಲು

ತೊಗಲುಗೊಂಬೆಯಾಟದಲ್ಲಿ ಇದೇ ಕೆಲಸಕ್ಕೆ ಬೇಕಾದ ಸಲಕರಣೆ ತೀರ ಕಡಿಮೆ. ಆಡಿನ ಚರ್ಮವನ್ನು ನೆನೆಸಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವಾಗುವವರೆಗೆ ಹದ ಮಾಡುತ್ತಾರೆ. ಹಿಂದೆ ಜಿಂಕೆಯ ಚರ್ಮವೂ ಬಳಕೆಯಲ್ಲಿತ್ತು. ಒಣಗಿದ ತೊಗಲಿನ ಮೇಲೆ ಆಕೃತಿ ಬರೆದು, ಕತ್ತರಿಸಿ, ಒಡವೆ ಮತ್ತು ಉಡುಗೆಯ ಅಂಚುಗಳಿಗೆ ಸಣ್ಣ ಉಳಿಯಿಂದ ರಂಧ್ರ ಹೊಡೆದು, ಎರಡೂ ಬದಿಗೆ ಬಣ್ಣ ಹಚ್ಚುತ್ತಾರೆ. ಕೈಕಾಲುಗಳನ್ನು ಬೇರೆ ಕತ್ತರಿಸಿ ದಾರದ ಗಂಟಿನಿಂದ ಕೀಲು ಕೂಡಿಸುತ್ತಾರೆ. ಸೀಳಿದ ಬಿದಿರುಕಡ್ಡಿಯ ನಡುವೆ ಗೊಂಬೆಯ ಮೈ ಸಿಕ್ಕಿಸಿದರೆ ಹಿಡಿ ಸಿದ್ಧ. ಕಂಬಳಿ ಮರೆ ಕಟ್ಟಿದ ಪುಟ್ಟ ಗುಡಾರ, ಮುಂದೆ ಬಿಗಿದ ಬಿಳಿ ಪಂಚೆ, ಹಿಂದೆ ಎಣ್ಣೆಯ ದೀಪ. ಈಚೆಗೆ ದೀಪದ ಜಾಗಕ್ಕೆ ವಿದ್ಯುತ್ ಬಲ್ಬು ಬಂದಿದೆ.

ಕಾಗದದ ಆಕೃತಿಗೆ ಕೀಲು ಜೋಡಿಸಿ ನೆರಳಿನಲ್ಲಿ ಕಥೆ ಹೇಳುವ ದಾರಿಯನ್ನು ಚಲನಚಿತ್ರವೂ ಹಿಡಿದಿದೆ. ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ, ತಂತಿಯ ಕೀಲು ಹಾಕಿ, ಗಾಜಿನ ಕೆಳಗಿನಿಂದ ಬೆಳಕು ಹಾಯಿಸಿ, ಒಂದೊಂದೇ ಚೌಕಟ್ಟು ಚಿತ್ರೀಕರಿಸಿದವಳು. ಅವಳ ‘ಪ್ರಿನ್ಸ್ ಅಹ್ಮದ್‌ನ ಸಾಹಸಗಳು’ 1926ರಲ್ಲಿ ತೆರೆಕಂಡಿತು. ರೈನಿಗರಳ ಗೊಂಬೆ ಕಪ್ಪು ನೆರಳು; ಕರ್ನಾಟಕದ ತೊಗಲುಗೊಂಬೆಯಾದರೋ ಬಣ್ಣದ ನೆರಳು. ದೀಪದ ಬೆಳಕು ತೊಗಲಿನೊಳಗಿಂದ ಹಾಯುವುದರಿಂದ ರಾಮನ ಹಸಿರು, ರಾವಣನ ಕೆಂಪು ಬಟ್ಟೆಯ ಮೇಲೆ ಹೊಳೆಯುತ್ತವೆ.

ಈ ಆಟದ ಕಲಾವಿದರು ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯದವರು. ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನು ಆಡುವ ಇವರು ಆಟ ಕಟ್ಟುವುದು ಕನ್ನಡದಲ್ಲಿ. ಮೇಳವೆಂದರೆ ಹೆಚ್ಚಾಗಿ ಒಂದು ಕುಟುಂಬ. ಗಂಡಸರು ಗೊಂಬೆ ಕುಣಿಸಿದರೆ ಹೆಂಗಸರು ಹಾಡಿಗೆ, ಸ್ತ್ರೀಪಾತ್ರದ ಮಾತಿಗೆ ದನಿ ಕೊಡುತ್ತಾರೆ. ಮಳೆ ಹಿಂದೆಗೆದ ವರ್ಷ ಊರವರು ಇವರನ್ನು ಕರೆಸಿ ಆಟ ಆಡಿಸುವುದು ವಾಡಿಕೆಯಾಗಿತ್ತು. ಸಮುದಾಯದ ಹೆಸರೇ ಆಟದ ಹಾಸ್ಯಗಾರನ ಹೆಸರೂ ಹೌದು. ಗಣಪತಿ, ಸರಸ್ವತಿಯರ ಸ್ತುತಿ ಮುಗಿದ ಮೇಲೆ ಪರದೆಗೆ ಬರುವ ಕಿಳ್ಳೇಕ್ಯಾತನದು ಕಾಡಿಗೆಯ ಮೈಬಣ್ಣ, ಗುಂಗುರು ಕೂದಲು, ದಪ್ಪ ತುಟಿ, ಮುಂದೆ ಚಾಚಿದ ಡೊಳ್ಳು ಹೊಟ್ಟೆ. ಜೊತೆಗೆ ಹೆಂಡತಿ ಬಂಗಾರಕ್ಕ. ರಾಮ, ಸೀತೆಯರ ಗೊಂಬೆಗಳು ಗಂಭೀರವಾಗಿ ಮೆಲ್ಲನೆ ಚಲಿಸಿದರೆ ಇವರಿಬ್ಬರ ಕೈಕಾಲು ಎತ್ತೆತ್ತಲೋ ಬೀಸುತ್ತವೆ. ನಗೆಯ ಎಲ್ಲ ಪಟ್ಟುಗಳೂ ಇಲ್ಲಿಂದಲೇ ಬಿಚ್ಚಿಕೊಳ್ಳುತ್ತವೆ.

ಬೆರಕೆಯ ಮೈ: ಹೊಸಹೊಳಲಿನ ಮಕರ

ಹಲವು ಪ್ರಾಣಿಗಳನ್ನು ಬೆಸೆದು ಇಲ್ಲದ ಪ್ರಾಣಿಯೊಂದನ್ನು ಮಾಡುವುದು ಮೊದಲನೆಯ ಪಟ್ಟು. ಇದನ್ನು ಹತ್ತಿರದಿಂದ ನೋಡಲು ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿಗೆ ಹೋಗಬೇಕು. ಹದಿಮೂರನೆಯ ಶತಮಾನದ ಹೊಯ್ಸಳರ ಲಕ್ಷ್ಮೀನಾರಾಯಣ ದೇವಾಲಯದ ಅಡಿಪಾಯದ ಗೋಡೆಯಲ್ಲಿ ಆರು ಪಟ್ಟಿಕೆಗಳಿವೆ. ಕೆಳಗಿನಿಂದ ಆನೆ, ಕುದುರೆ ಸವಾರರು, ಬಳ್ಳಿ, ರಾಮಾಯಣ-ಮಹಾಭಾರತದ ಕಥೆ, ಮಕರ, ಹಂಸ. ಮಕರಕ್ಕೆ ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲುಗರಿಯಂತೆ ಸುರುಳಿ ಬಿಚ್ಚಿದ ಬಾಲ. ಪ್ರಕೃತಿಯಲ್ಲಿ ಇಲ್ಲದ ಈ ಜೀವ ಕಲ್ಲಿನಲ್ಲಿ ಎಷ್ಟು ನಿರಾಳವಾಗಿ ನಿಂತಿದೆಯೆಂದರೆ, ನೋಡುವವರಿಗೆ ಅದರ ಮೈಯ ಬೆಸುಗೆ ಎಲ್ಲಿದೆ ಎಂದು ಹುಡುಕಬೇಕೆನಿಸುವುದೇ ಇಲ್ಲ. ಬೆರಕೆ ಪ್ರಾಣಿಯ ಗುಟ್ಟು ಈ ನಿರಾಳದಲ್ಲಿದೆ.

ಕ್ಲಾಂಪೆಟ್‌ನ ‘ಪೋರ್ಕಿ ಇನ್ ವ್ಯಾಕಿಲ್ಯಾಂಡ್’ (1938) ಇಂಥ ಜೀವಿಗಳ ಸಂತೆ. ಒಂದೇ ಮೈಗೆ ಮೂರು ತಲೆ, ಎರಡು ಪ್ರಾಣಿ ಬೆಸೆದ ಒಂದು ಪ್ರಾಣಿ, ಎಲ್ಲವೂ ತಮ್ಮ ಪಾಡಿಗೆ ತಾವು ಓಡಾಡಿಕೊಂಡಿರುತ್ತವೆ. ಅಚ್ಚರಿಪಡುವವನು ಪೋರ್ಕಿ ಎಂಬ ಹಂದಿಮರಿ ಮಾತ್ರ. ಗಾಳಿಯಲ್ಲಿ ಬಾಗಿಲು ಬರೆದು ನುಸುಳುವ ಡೋಡೋ ಹಕ್ಕಿ ಇರುವುದೂ ಈ ಚಿತ್ರದಲ್ಲೇ. ಅಮೆರಿಕ 2000ದಲ್ಲಿ ಇದನ್ನು ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿಕೊಂಡಿತು.

ಹೊಸಹೊಳಲಿನ ಗೋಡೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಅಲ್ಲಿ ಕಥೆ ಚೌಕಟ್ಟು ಚೌಕಟ್ಟಾಗಿ ಸಾಗುತ್ತದೆ. ಚಿತ್ರ ನಿಂತಿರುತ್ತದೆ, ಪ್ರದಕ್ಷಿಣೆ ಬರುವ ಭಕ್ತರು ಚಲಿಸುತ್ತಾರೆ. ಸಿನಿಮಾದಲ್ಲಿ ನೋಡುವವರು ಕುಳಿತಿರುತ್ತಾರೆ, ಚೌಕಟ್ಟುಗಳು ಓಡುತ್ತವೆ.

ಅಳತೆ ತಪ್ಪುವುದು: ಕುಂತಿಬೆಟ್ಟದ ಭೀಮ

ಎರಡನೆಯದು ಅಳತೆಯ ಆಟ. ಹಿಂದೆ ಹಿರೋಡೆ ಎಂದೂ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡ ಪಾಂಡವಪುರದ ಮಗ್ಗುಲಲ್ಲಿ ಕುಂತಿಬೆಟ್ಟವಿದೆ. ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರು, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಎಂಬುದು ಊರವರ ನಂಬಿಕೆ. ಬಕನಿಗೆಂದು ಬಂಡಿಯಲ್ಲಿ ಹೇರಿ ಕಳಿಸಿದ ಅನ್ನವನ್ನು ಭೀಮನೇ ಉಣ್ಣಲು ಕೂರುತ್ತಾನೆ. ರಕ್ಕಸ ಬಂದು ಬೆನ್ನಿಗೆ ಗುದ್ದುತ್ತಾನೆ. ಭೀಮ ತಿರುಗಿಯೂ ನೋಡದೆ ಉಣ್ಣುತ್ತಾನೆ. ಮರ ಕಿತ್ತು ತಂದರೂ ಕೈತುತ್ತು ನಿಲ್ಲುವುದಿಲ್ಲ. ಊಟ ಮುಗಿಸಿ, ಕೈತೊಳೆದ ಮೇಲಷ್ಟೇ ಜಗಳ.

ಈ ಪ್ರಸಂಗದ ನಗು ಹುಟ್ಟುವುದು ಭೀಮನ ಸಮಾಧಾನದಲ್ಲಿ. ಗುದ್ದು ಎಷ್ಟೆಷ್ಟು ಜೋರಾಗುತ್ತದೋ ಉಣ್ಣುವವನ ಮುಖ ಅಷ್ಟಷ್ಟು ನಿಶ್ಚಿಂತವಾಗಿರಬೇಕು. ಬೆಳೆಯುತ್ತ ಹೋಗುವುದಕ್ಕೂ ಒಂದು ಕ್ರಮ ಇರಬೇಕು. ಹನುಮಂತ ಕಡಲು ಹಾರುವಾಗ ಸುರಸೆ ಬಾಯಿ ತೆರೆಯುವುದು, ಅವನು ಅದಕ್ಕಿಂತ ಬೆಳೆಯುವುದು, ಅವಳು ಮತ್ತೂ ಅಗಲಿಸುವುದು, ಕೊನೆಗೆ ಅವನು ಹೆಬ್ಬೆರಳಷ್ಟಾಗಿ ಒಳಹೊಕ್ಕು ಹೊರಬರುವುದು, ಇದೂ ಅದೇ ಲೆಕ್ಕ. ತೊಗಲುಗೊಂಬೆಯವರಿಗೆ ಇದು ಕೈಯಳತೆಯ ಕೆಲಸ. ಗೊಂಬೆಯನ್ನು ಬಟ್ಟೆಗೆ ಅಂಟಿಸಿ ಹಿಡಿದರೆ ನೆರಳು ಸ್ಫುಟ, ಚಿಕ್ಕದು. ದೀಪದ ಕಡೆಗೆ ಎಳೆದರೆ ಅದೇ ನೆರಳು ಪರದೆ ತುಂಬಿ ಹರಡುತ್ತದೆ.

ಏವರಿಯ ‘ಕಿಂಗ್ ಸೈಜ್ ಕ್ಯಾನರಿ’ (1947) ಸುರಸೆ-ಹನುಮಂತರ ಪೈಪೋಟಿಯನ್ನೇ ಏಳೆಂಟು ನಿಮಿಷ ಬೆಳೆಸಿದಂತಿದೆ. ಹಸಿದ ಬೆಕ್ಕಿಗೆ ಬಡಕಲು ಹಕ್ಕಿಯೊಂದು ಸಿಗುತ್ತದೆ. ಗಿಡ ಬೆಳೆಸುವ ಔಷಧಿ ಕುಡಿಸಿದರೆ ಹಕ್ಕಿ ಬೆಕ್ಕಿಗಿಂತ ದೊಡ್ಡದಾಗುತ್ತದೆ. ಬೆಕ್ಕು ಕುಡಿಯುತ್ತದೆ, ನಾಯಿ ಕುಡಿಯುತ್ತದೆ, ಇಲಿ ಕುಡಿಯುತ್ತದೆ. ಕೊನೆಗೆ ಬೆಕ್ಕು ಮತ್ತು ಇಲಿ ಭೂಗೋಳದ ಮೇಲೆ ನಿಲ್ಲಲು ಜಾಗವಿಲ್ಲದಷ್ಟು ಬೆಳೆದು, ಬಾಟಲಿ ಖಾಲಿಯಾದ್ದರಿಂದ ಕಥೆ ಮುಂದೆ ಹೋಗದು ಎಂದು ಹೇಳಿ ಕೈಬೀಸುತ್ತವೆ. ಹನುಮಂತನ ಕಥೆ ಕಿರಿದಾಗುವ ಜಾಣ್ಮೆಯಲ್ಲಿ ಮುಗಿಯುತ್ತದೆ. ಏವರಿಯದು ಬೆಳೆಯಲು ಇನ್ನು ದಾರಿ ಇಲ್ಲದಾಗ ಮುಗಿಯುತ್ತದೆ.

ಯಂತ್ರವಾದ ದೇಹ: ಶ್ರೀರಂಗಪಟ್ಟಣದ ಹುಲಿ

ಫ್ರೆಂಚ್ ತತ್ತ್ವಜ್ಞಾನಿ ಆನ್ರಿ ಬರ್ಗ್‌ಸನ್ 1900ರಲ್ಲಿ ನಗೆಯ ಬಗ್ಗೆ ಬರೆದ ಪುಸ್ತಕದಲ್ಲಿ, ಜೀವವುಳ್ಳದ್ದು ಯಂತ್ರದಂತೆ ವರ್ತಿಸಿದಾಗ ನಗು ಬರುತ್ತದೆ ಎಂದು ವಾದಿಸಿದ. ಜೀವಕ್ಕೂ ಯಂತ್ರಕ್ಕೂ ನಡುವಿನ ಈ ಗಡಿಯಲ್ಲಿ ನಿಂತಿರುವ ವಿಲಕ್ಷಣ ವಸ್ತುವೊಂದು ಶ್ರೀರಂಗಪಟ್ಟಣದ್ದು. ಅದು ಟಿಪ್ಪು ಸುಲ್ತಾನನ ಹುಲಿ. ಮರದಲ್ಲಿ ಕೆತ್ತಿ ಬಣ್ಣ ಬಳಿದ, 178 ಸೆಂಟಿಮೀಟರ್ ಉದ್ದದ ಈ ಹುಲಿ ಐರೋಪ್ಯ ಸಿಪಾಯಿಯೊಬ್ಬನನ್ನು ಅಂಗಾತ ಕೆಡವಿ ಕೊರಳಿಗೆ ಬಾಯಿ ಹಾಕಿದೆ. ಹುಲಿಯ ಮೈಯಲ್ಲಿ ಒಂದು ಹಿಡಿ ಇದೆ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದುತ್ತವೆ. ಸಿಪಾಯಿಯ ಎಡಗೈ ಎದ್ದು ಬೀಳುತ್ತದೆ. ಅವನ ಬಾಯಿಂದ ಗೋಳು, ಹುಲಿಯ ತಲೆಯಿಂದ ಗುರುಗುಟ್ಟು ಹೊರಡುತ್ತದೆ. ಹೊಟ್ಟೆಯೊಳಗೆ ನುಡಿಸಬಹುದಾದ ಪುಟ್ಟ ಆರ್ಗನ್ ವಾದ್ಯ ಬೇರೆ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಇದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಲಂಡನ್ನಿಗೆ ಹೋಯಿತು. ಈಗ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಹುಲಿಯ ದೃಶ್ಯ ಭಯಂಕರ. ಯುದ್ಧ, ಸೇಡು, ಸಾವು ಅದರ ಹಿಂದಿವೆ. ಆದರೂ ಅದೇ ಕೈ ಅದೇ ಅಳತೆಗೆ ಎದ್ದು, ಅದೇ ಜಾಗಕ್ಕೆ ಬಿದ್ದು, ಅದೇ ಗೋಳು ಮತ್ತೆ ಕೇಳಿದಾಗ ಭಯ ತನ್ನ ಹರಿತ ಕಳೆದುಕೊಂಡು ಬೇರೇನೋ ಆಗುತ್ತದೆ. ಮರುಕಳಿಕೆ ನೋವಿನ ನಂಟು ಕಡಿಯುತ್ತದೆ. ಚಕ್ ಜೋನ್ಸ್ 1949ರಲ್ಲಿ ಆರಂಭಿಸಿದ ರೋಡ್ ರನ್ನರ್ ಸರಣಿ ನಿಂತಿರುವುದು ಈ ಸತ್ಯದ ಮೇಲೆ. ಕಯೋಟಿ ಎಂಬ ತೋಳಜಾತಿಯ ಪ್ರಾಣಿ ಹಕ್ಕಿಯನ್ನು ಹಿಡಿಯಲು ಹೂಡಿದ ಪ್ರತಿಯೊಂದು ಹೂಟವೂ ಅದಕ್ಕೇ ತಿರುಗುತ್ತದೆ. ಪ್ರಪಾತಕ್ಕೆ ಬೀಳುತ್ತದೆ, ಸಿಡಿಮದ್ದಿಗೆ ಸುಟ್ಟು ಕರಕಲಾಗುತ್ತದೆ. ಮರುಕ್ಷಣ ಗಾಯವಿಲ್ಲದೆ ಎದ್ದು ನಿಂತಿರುತ್ತದೆ. ಅದು ಬಂಡೆಯ ಮೇಲೆ ಸುರಂಗದ ಚಿತ್ರ ಬರೆದರೆ ಹಕ್ಕಿ ಅದರೊಳಗೆ ಓಡಿಹೋಗುತ್ತದೆ, ಬರೆದವನಿಗೆ ಮಾತ್ರ ಅದು ಬಂಡೆಯೇ. ನಿಯಮ ಅನ್ಯಾಯದ್ದೇ ಇರಬಹುದು, ಆದರೆ ಒಮ್ಮೆಯೂ ತಪ್ಪುವುದಿಲ್ಲ. ಪ್ರೇಕ್ಷಕರು ಕಾಯುವುದು ಆ ನಿಯಮಕ್ಕಾಗಿ.

ಕಣ್ಣೆದುರಿನ ರೂಪಾಂತರ

ಒಂದು ವಸ್ತು ಇನ್ನೊಂದಾಗುವುದು ಕನಸಿನ ಸಹಜ ಗುಣ. ಫ್ಲೈಷರರ ‘ಸ್ನೋ ವೈಟ್’ (1933) ಕಿರುಚಿತ್ರದಲ್ಲಿ ಕೊಕೊ ಎಂಬ ವಿದೂಷಕ ಉದ್ದ ಕಾಲಿನ ಬಿಳಿ ಭೂತವಾಗಿ ಹಾಡುತ್ತಾನೆ. ಹಾಡಿನ ಮಾತಿಗೆ ತಕ್ಕಂತೆ ಅವನ ಮೈ ಸರಪಳಿ ಕಟ್ಟಿದ ಚಿನ್ನದ ನಾಣ್ಯವಾಗುತ್ತದೆ, ಹೆಂಡದ ಬಾಟಲಿಯಾಗುತ್ತದೆ. ಅವನ ನಡಿಗೆ ಮಾತ್ರ ಗಾಯಕ ಕ್ಯಾಬ್ ಕ್ಯಾಲೊವೇಯ ನಿಜವಾದ ಕುಣಿತವನ್ನು ಚಿತ್ರೀಕರಿಸಿ, ಚೌಕಟ್ಟಿನ ಮೇಲೆ ಗೆರೆ ಎಳೆದು ಪಡೆದದ್ದು. ಅಸಂಗತದ ಬುಡದಲ್ಲಿ ಹೀಗೆ ನಿಖರವಾದ ನಿಜದ ಒಂದು ಎಳೆ ಇರುತ್ತದೆ.

ತೊಗಲುಗೊಂಬೆಯಲ್ಲಿ ರೂಪಾಂತರ ಆಗುವುದು ಎರಡು ಗೊಂಬೆಗಳ ನಡುವಿನ ಅರೆಕ್ಷಣದಲ್ಲಿ. ಚಿನ್ನದ ಜಿಂಕೆಯ ಗೊಂಬೆ ದೀಪದ ಕಡೆ ಸರಿದು ಮಸುಕಾಗುವಾಗಲೇ ಮಾರೀಚನ ಗೊಂಬೆ ಬಟ್ಟೆಗೆ ಒತ್ತುತ್ತದೆ. ಚಪ್ಪಟೆ ಗೊಂಬೆಗೆ ಬೆನ್ನಿಲ್ಲ. ಕಡ್ಡಿಯನ್ನು ಬೆರಳಲ್ಲಿ ತಿರುವಿದರೆ ಬಲಕ್ಕೆ ನೋಡುತ್ತಿದ್ದವನು ರೆಪ್ಪೆ ಮಿಟುಕಿಸುವುದರೊಳಗೆ ಎಡಕ್ಕೆ ನೋಡುತ್ತಿರುತ್ತಾನೆ. ಈ ಹಠಾತ್ ತಿರುವೇ ಕಿಳ್ಳೇಕ್ಯಾತನ ಜಗಳದ ದೃಶ್ಯಗಳಿಗೆ ಬೇಕಾದ ಬಿರುಸು ಕೊಡುತ್ತದೆ.

ಕನ್ನಡದ ಕಿವಿಗೂ ಈ ಬಗೆಯ ಮಾರ್ಪಾಟು ಪರಿಚಿತ. ಅಲ್ಲಮಪ್ರಭುವಿನ ಬೆಡಗಿನ ವಚನಗಳು, ದಾಸರ ಮುಂಡಿಗೆಗಳು, ಕೋಳಿಯೊಂದು ಕೋತಿಯನ್ನು ನುಂಗುವ ಶಿಶುನಾಳ ಷರೀಫರ ತತ್ತ್ವಪದ ಇವೆಲ್ಲ ಲೋಕವನ್ನು ತಲೆಕೆಳಗು ಮಾಡಿ ತೋರಿಸುತ್ತವೆ. ಅಲ್ಲಿ ಗುರಿ ಅನುಭಾವ, ಕಾರ್ಟೂನಿನಲ್ಲಿ ಗುರಿ ನಗು. ಎರಡಕ್ಕೂ ಮೊದಲು ಬೇಕಾದದ್ದು ರೂಢಿಯ ನೋಟ ಸಡಿಲವಾಗುವುದು.

ಪರದೆಯನ್ನೇ ಮಾತಾಡಿಸುವುದು

ಪಾತ್ರಕ್ಕೆ ತಾನು ಪಾತ್ರವೆಂಬ ಅರಿವು ಮೂಡುವುದು ಕೊನೆಯ, ಎಲ್ಲಕ್ಕಿಂತ ಸೂಕ್ಷ್ಮವಾದ ಪಟ್ಟು. ಜೋನ್ಸ್‌ನ ‘ಡಕ್ ಅಮಕ್’ (1953) ಇದರ ಶಿಖರ. ಡ್ಯಾಫಿ ಎಂಬ ಬಾತುಕೋಳಿ ಕತ್ತಿ ಹಿರಿದು ಬರುವಷ್ಟರಲ್ಲಿ ಹಿನ್ನೆಲೆಯ ಚಿತ್ರವೇ ಮುಗಿದುಹೋಗಿರುತ್ತದೆ. ಕಾಣದ ಕೈಯೊಂದು ಅವನನ್ನು ಅಳಿಸುತ್ತದೆ, ಬೇರೆ ಮೈ ಬರೆಯುತ್ತದೆ, ದನಿ ಕಸಿಯುತ್ತದೆ. ಬೇಡಿಕೊಂಡು, ಬೈದು, ಗೋಗರೆದು ಸೋತ ಡ್ಯಾಫಿಗೆ ಬರೆಯುವವನು ಯಾರೆಂದು ಕೊನೆಗೂ ತಿಳಿಯುವುದಿಲ್ಲ. ಪ್ರೇಕ್ಷಕರಿಗೆ ಮಾತ್ರ ತಿಳಿಯುತ್ತದೆ: ಬಗ್ಸ್ ಬನ್ನಿ ಎಂಬ ಮೊಲ.

ಮಂಡ್ಯ, ತುಮಕೂರು, ಹಾಸನ ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ಈ ಅರಿವು ಆಟದ ಒಂದು ಅಂಗವೇ ಆಗಿದೆ. ಅಲ್ಲಿ ವೇಷಧಾರಿ ರಂಗಕ್ಕೆ ಬಂದೊಡನೆ ಅವನ ಹೆಸರು, ಊರು, ಬಂದ ಕಾರಣ ಕೇಳುವ ಸಂಪ್ರದಾಯವಿದೆ. ರಾಜ ಗಂಭೀರವಾಗಿ ಉತ್ತರಿಸುತ್ತಾನೆ. ಹಾಸ್ಯಗಾರ ಆ ಪ್ರಶ್ನೆಯನ್ನೇ ಹಿಡಿದು ಎಳೆದಾಡುತ್ತಾನೆ. ಕಿಳ್ಳೇಕ್ಯಾತನಿಗೆ ಕಾಲದ ಕಟ್ಟೂ ಇಲ್ಲ. ಕಥೆ ತ್ರೇತಾಯುಗದ್ದಾದರೂ ಅವನ ಬಾಯಲ್ಲಿ ಇವತ್ತಿನ ಸಂತೆಯ ಮಾತು, ಊರ ಜಗಳ, ಪರದೆಯ ಮುಂದೆ ಕುಳಿತವರ ಸುದ್ದಿ. ಯುದ್ಧಕಾಂಡದ ನಡುವೆ ಬಂದು ಹೋಗುವ ಅವನು ದೇವತೆಗಳ ಲೋಕಕ್ಕೂ ನೆಲದ ಮೇಲೆ ಕುಳಿತ ರೈತರಿಗೂ ಸೇತುವೆಯಾಗುತ್ತಾನೆ. ಆಂಧ್ರದ ತೋಲುಬೊಮ್ಮಲಾಟದ ಹಾಸ್ಯಗಾರರು, ಜಾವಾದ ವಯಾಂಗ್ ಆಟದ ಸೆಮಾರ್, ತುರ್ಕಿಯ ಕರಗೋಜ್ ಎಲ್ಲರೂ ಇದೇ ಕುಲದವರು.

ಸದ್ದಿಗೂ ಇಲ್ಲಿ ಪಾಲಿದೆ. ಗೊಂಬೆ ಕುಣಿಸುವವರು ಕಾಲಡಿಯ ಮರದ ಹಲಗೆ ಒದ್ದು ಏಟಿನ, ಓಟದ, ಬಿದ್ದದ್ದರ ಸದ್ದು ಹೊರಡಿಸುತ್ತಾರೆ. ಗೊಂಬೆಯ ಕೈ ತಗಲುವ ಕ್ಷಣಕ್ಕೂ ಹಲಗೆಯ ಪೆಟ್ಟಿಗೂ ಕೂದಲೆಳೆ ಅಂತರ ಬಂದರೂ ನಗು ಕೆಡುತ್ತದೆ. ವಾರ್ನರ್ ಸ್ಟುಡಿಯೋದಲ್ಲಿ ಸಂಗೀತದ ಕಾರ್ಲ್ ಸ್ಟಾಲಿಂಗ್ ಮತ್ತು ಸದ್ದಿನ ಟ್ರೆಗ್ ಬ್ರೌನ್ ವರ್ಷಗಟ್ಟಲೆ ದುಡಿದದ್ದು ಇದೇ ಹೊಂದಿಕೆಗಾಗಿ.

ಕಾಪಿಟ್ಟವರು

ಇಂಥ ಆಟಗಳನ್ನು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ಅವನ್ನು ದಾಖಲಿಸಲು ಮುಂದಾದ ಇಬ್ಬರು ನಾಗಮಂಗಲ ತಾಲ್ಲೂಕಿನವರು. ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಸರ್ಕಾರಿ ಅಧಿಕಾರಿಯಾಗಿದ್ದುಕೊಂಡೇ ಜನಪದ ಹಾಡು, ಕಥೆ ಸಂಗ್ರಹಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ಅವರಿಂದ ರೂಪು ಪಡೆದವು. ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ಮೂಡಲಪಾಯಕ್ಕೆ ವಿದ್ವತ್ತಿನ ಮನ್ನಣೆ ತಂದುಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟುವುದರಲ್ಲಿ ದುಡಿದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ರಾಜ್ಯದ ತೊಗಲುಗೊಂಬೆಗಳನ್ನು ಕಲೆಹಾಕಿ ಅಧ್ಯಯನಕ್ಕೆ ದಾರಿ ಮಾಡಿದರು.

ಕಲಾವಿದರ ಪೈಕಿ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಪುರಾಣದಾಚೆಗೆ ಹೋಗಿ ಸ್ವಾತಂತ್ರ್ಯ ಸಂಗ್ರಾಮ, ಗಾಂಧೀಜಿಯ ಬದುಕುಗಳನ್ನು ತೊಗಲಿನ ಪರದೆಗೆ ತಂದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ 2025ರ ಪದ್ಮಶ್ರೀ ಸಂದಿತು.

ಸಂಗ್ರಹಾಲಯಗಳಲ್ಲಿ ಗೊಂಬೆಗಳ ತೊಗಲು, ಬಣ್ಣ, ಉಳಿಯ ಕೆಲಸ ಉಳಿಯುತ್ತವೆ. ಗಾಜಿನ ಹಿಂದೆ ನಿಂತ ಕಿಳ್ಳೇಕ್ಯಾತ ಮಾತ್ರ ನಗಿಸುವುದಿಲ್ಲ. ಕಾರ್ಟೂನಿನಿಂದ ಕತ್ತರಿಸಿ ತೆಗೆದ ಒಂದು ಚೌಕಟ್ಟೂ ನಗಿಸುವುದಿಲ್ಲ. ಬೀಳುವ ಮುನ್ನ ಗಾಳಿಯಲ್ಲಿ ನಿಂತ ಅರೆಗಳಿಗೆ, ಕಡ್ಡಿ ತಿರುವಿದ ವೇಗ, ಹಲಗೆಯ ಪೆಟ್ಟು ಬಿದ್ದ ಸಮಯ, ನಗು ಇರುವುದು ಇವುಗಳಲ್ಲಿ. ಚಿತ್ರಕ್ಕೆ ಚಿತ್ರ ಸೇರುವ ಆ ಸಂದಿನ ಲೆಕ್ಕ ಕೈಯಿಂದ ಕೈಗೆ, ಆಡುವುದರಿಂದಲೇ ದಾಟಬೇಕು. ತೊಗಲುಗೊಂಬೆಯ ಮೇಳಗಳು ದೀಪ ಹಚ್ಚಿ ಆಡುವಷ್ಟು ಕಾಲವೂ ಅದು ದಾಟುತ್ತಿರುತ್ತದೆ.